ಶಿವಕಾಂತಾ ಇಲ್ಲದೆ ಏಳುವ ನೆಟ್

ಎರಡನೇ ವರ್ಷವೂ ಮಳೆ ಕೈಕೊಟ್ಟಿತ್ತು. ಆದರೆ ಬಸವಣ್ಣೆಪ್ಪನ ಸಿಟ್ಟೆಲ್ಲ ಇದ್ದದ್ದು ತನ್ನ ಕಂಪ್ಯೂಟರಿನ ಮೇಲೆ. ದುಡಿಯಲು ಪುಣೆಗೆ, ಹೈದರಾಬಾದಿಗೆ ಹೊರಟವರು ಟಿಕೆಟ್ ತೆಗೆಸಲು ಭಾಲ್ಕಿ ಸ್ಟೇಷನ್ನಿನ ಎದುರಿನ ಅವನ ಆನ್‌ಲೈನ್ ಅಂಗಡಿಗೇ ಬರುತ್ತಿದ್ದರು. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತಿತ್ತು. ಬಂದ ಮೇಲೆ ಕಂಪ್ಯೂಟರ್ ಏಳುತ್ತಿತ್ತು, ನೆಟ್ ಏಳುತ್ತಿರಲಿಲ್ಲ. ಹಿಂದಿನ ಅಡುಗೆಮನೆಯಿಂದ ಹೆಂಡತಿ ಶಿವಕಾಂತಾ ಬಂದು ಕೀಬೋರ್ಡಿನಲ್ಲಿ ಎರಡು ಸಾಲು ಒತ್ತಿದರೆ ಮಾತ್ರ ಏಳುತ್ತಿತ್ತು. (ಅಂಗಡಿ ತೆರೆದಾಗ ಕಂಪ್ಯೂಟರ್ ಕಲಿತವಳು ಅವಳು. ಬಸವಣ್ಣೆಪ್ಪ ಬೋರ್ಡು ಬರೆಸುವುದರಲ್ಲಿದ್ದ. ಬೋರ್ಡಿನ ಮೇಲೆ ಪ್ರೊಪ್ರೈಟರ್ ಅವನೇ.)

ಗಿರಾಕಿಗಳು ಪ್ರೊಪ್ರೈಟರ್ ಮುಖ ನೋಡಿ, "ಅಕ್ಕಾರ ಇಲ್ಲೇನ್ರಿ?" ಎನ್ನುತ್ತಿದ್ದರು. ಆ ಮಾತು ಅವನಿಗೆ ಚುಚ್ಚುತ್ತಿತ್ತು. ಬಸುರಿ ತಂಗಿಯ ಕುಬುಸಕ್ಕೆಂದು ಶಿವಕಾಂತಾ ಔರಾದ ಕಡೆಯ ಚಿಂತಾಕಿಗೆ, ತನ್ನ ತವರಿಗೆ ಹೊರಟಾಗ ಅವನೊಂದು ಘನಸಂಕಲ್ಪ ಮಾಡಿದ. ಕಂಪ್ಯೂಟರ್ ಏಳುವಾಗಲೇ ನೆಟ್ಟನ್ನೂ ಎಬ್ಬಿಸಿಕೊಂಡು ಏಳಬೇಕು.

"ಎರಡ ಸಾಲ ಚೀಟಿ ಮ್ಯಾಲ ಬರದ ಕೊಡ್ತೇನಿ ತೊಗೋರಿ," ಎಂದಳು ಶಿವಕಾಂತಾ.

"ಚೀಟಿ ನೋಡಿ ಬರಿಯೋದು ಕಾಪಿ ಹೊಡಿಯೋರ ಕೆಲಸ. ನಾ ಖಾಯಂ ಬಂದೋಬಸ್ತ ಮಾಡ್ತೇನಿ."

"ಮಾಡ್ರಿ. ಎಂಟ ದಿನಕ್ಕ ಬರ್ತೇನಿ."

ಬೀದರಿನ ರಿಪೇರಿಯವನಾದ ನಜಮೋದ್ದೀನ ಫೋನಿನಲ್ಲಿ ಹೇಳಿಕೊಟ್ಟ. ಬಸವಣ್ಣೆಪ್ಪ ಒಂದು ಫೈಲು ತೆರೆದು, 'ಏಳುವಾಗ ಇದನ್ನೂ ಎಬ್ಬಿಸು' ಎಂಬ ಅರ್ಥದ ಸಾಲನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದ. ನೆಟ್ ಎದ್ದಿತು. ಮರುದಿನ ಕರೆಂಟು ಹೋಗಿ ಬಂದಾಗ ಏಳಲಿಲ್ಲ.

"ನೆಟ್ಟಿನ ಪೆಟ್ಟಿಗಿ ಇನ್ನ ಆಕಳಿಸ್ತಿರ್ತದ," ಎಂದ ನಜಮೋದ್ದೀನ. "ನಿಮ್ಮ ಕಂಪ್ಯೂಟರ್ ಬಾಗಲಾ ಬಡದು ವಾಪಸ್ ಹೋಗ್ತದ. ಅದಕ್ಕ ಸ್ವಲ್ಪ ಸಬೂರಿ ಕಲಸ್ರಿ."

ಸಬೂರಿಗೆ ಇನ್ನೊಂದು ಸಾಲು ಬಿತ್ತು. ಅಲ್ಲಿಂದ ಮುಂದೆ ಎಷ್ಟು ಸಲ ಕರೆಂಟು ಹೋದರೂ ನೆಟ್ ತಾನಾಗಿಯೇ ಎದ್ದಿತು.

ಸಾಯಗಾಂವದ ಗುಲಾಮ ರಸೂಲ ಪುಣೆಗೆ ಒಂದು ಟಿಕೆಟ್ ಕೇಳಿದ. ಬಸವಣ್ಣೆಪ್ಪ ಹೆಸರು ತುಂಬುವಷ್ಟರಲ್ಲಿ, "ಎರಡ ಮಾಡ್ರಿ," ಎಂದ. "ನನ್ನ ಹೇಂತಿ ಮಹಮೂದಾಗೂ ತೆಗೀರಿ. ಅಲ್ಲಿ ಅಡಗಿ ಯಾರ ಮಾಡ್ಬೇಕು ಅಂತ ಹೇಳ್ತೇನಿ ಆಕಿಗಿ."

"ನಿಂಗ ಅಡಗಿ ಬರ್ತದಲ್ಲೋ."

"ಬರ್ತದ್ರಿ. ಬಾ ಅನ್ಲಾಕ ಏನರ ನೆಪ ಬೇಕಲ್ರಿ."

ಅಂದು ಸಂಜೆ ಶಿವಕಾಂತಾ ಫೋನು ಮಾಡಿದಳು. "ನೆಟ್ ಬರ್ಲಾಕತ್ತದೇನ್ರಿ?"

"ತಾನೇ ಏಳ್ತದ. ಫೈಲಿನ್ಯಾಗ ಸಾಲ ಬರದೀನಿ."

"ಹಂಗಾದ್ರ ನಾ ಇನ್ನ ಎಂಟ ದಿನ ಇರ್ತೇನಿ. ಇಲ್ಲಿ ಟ್ಯಾಂಕರ್ ಬಂದಾಗ ನೀರ ಹಿಡೀಲಾಕ ಕೈ ಸಾಲ್ತಿಲ್ಲ."

'ಹೂಂ' ಎಂದು ಬಸವಣ್ಣೆಪ್ಪ ಫೋನು ಇಟ್ಟ. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಕೆಲಸವಿಲ್ಲದೆ 'ಬಾ' ಎಂದು ಒಮ್ಮೆಯೂ ಅವಳನ್ನು ಕರೆದಿರಲಿಲ್ಲ. ಇದ್ದ ಒಂದು ಕೆಲಸವನ್ನೂ ತಾನೇ ಕೈಯಾರೆ ತೆಗೆದುಹಾಕಿದ್ದ.

ಮರುದಿನ ಬೆಳಿಗ್ಗೆ ಆ ಫೈಲು ಮತ್ತೆ ತೆರೆದ. ನೆಟ್ ಎಬ್ಬಿಸುವ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಇಟ್ಟ. ಅದನ್ನಿಟ್ಟರೆ ಕಂಪ್ಯೂಟರ್ ಆ ಸಾಲು ಓದುವುದಿಲ್ಲ. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿ, ನೆಟ್ ಏಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡ. (ಹೆಂಡತಿಗೆ ಸುಳ್ಳು ಹೇಳುವವರ ಪೈಕಿಯಲ್ಲ ಅವನು.) ಅಷ್ಟರಲ್ಲಿ ಬೆಂಚಿನ ಮೇಲೆ ಮೂವರು ಗಿರಾಕಿಗಳು ಬಂದು ಕುಳಿತಿದ್ದರು. ಅವರ ಮುಂದೆಯೇ ಫೋನು ಹಚ್ಚಿದ. ಅವನ ಫೋನಿನಲ್ಲಿ ಆ ಕಡೆಯವರ ದನಿಯೂ ಊರಿಗೇ ಕೇಳಿಸುವಂಥದ್ದು.

"ಶಿವಕಾಂತಾ, ನೆಟ್ ಏಳವಲ್ದು. ಒಂದ ಸಲ ಬಂದು ನೋಡಿದ್ರ ಛಲೋ ಆಗ್ತಿತ್ತು."



"ನೆಟ್ ಖರೇನೇ ಹೋಗಿದ್ರ ನೀವು ಬೈತಿದ್ರಿ. ಇಷ್ಟ ಮೆತ್ತಗ ಎಂದೂ ಮಾತಾಡಿಲ್ಲ. ಸಾಲಿನ ಮುಂದ ಏನ ಇಟ್ಟೀರಿ?"

"ಹ್ಯಾಶ್," ಎಂದ ಬಸವಣ್ಣೆಪ್ಪ, ಸಣ್ಣ ದನಿಯಲ್ಲಿ.

"ತೆಗೀರಿ ಅದನ್ನ. ಮಂದಿ ಕಾಯ್ತಿರ್ತಾರ. ನಾಳಿ ಮುಂಜಾನಿ ಬಸ್ಸಿಗಿ ಬರ್ತೇನಿ."

ಹ್ಯಾಶ್ ತೆಗೆದು ಅವನು ಕಂಪ್ಯೂಟರ್ ಮತ್ತೆ ಹಚ್ಚಿದ. ಬೆಂಚಿನ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು.

"ಅಕ್ಕಾರ ನಾಳಿ ಬರ್ತಾರಂತಲ್ರಿ," ಎಂದನೊಬ್ಬ. "ನಾವೂ ನಾಳೇ ಬರ್ತೇವಿ ಬಿಡ್ರಿ."

ನೆಟ್ ತಾನಾಗಿಯೇ ಎದ್ದಿತು. ನೋಡಲು ಅಂಗಡಿಯಲ್ಲಿ ಯಾರೂ ಇರಲಿಲ್ಲ.