ಊಟದ ಮಟ್ಟಿಗೆ ಯುರೋಪು

ಏಷ್ಯಾ ಖಂಡದವರೆಲ್ಲ ಖಾರ ತಿನ್ನುತ್ತಾರೆ ಎಂಬುದು ಇಂಡಿ ಊರಿನ ಪರದೇಶಿ ಅತಿಥಿ ಸತ್ಕಾರ ಉಪಕಚೇರಿಯಲ್ಲಿ ೧೯೬೧ರಿಂದ ಜಾರಿಯಲ್ಲಿದ್ದ ಸಂಗತಿ. ಆ ವರ್ಷ ಸಿಂಹಳದಿಂದ ಬಂದ ಅತಿಥಿಯೊಬ್ಬರು ಇಲ್ಲಿಯ ಊಟ ಸಪ್ಪಗಿದೆ ಎಂದು ಮೇಲಿನವರಿಗೆ ದೂರು ಬರೆದಿದ್ದರು. ಕೂಡಲೇ ನಿಯಮ ಹದಿನಾಲ್ಕು ಹುಟ್ಟಿತು: 'ಏಷ್ಯಾದ ಅತಿಥಿಯ ಪ್ರತಿ ಊಟದಲ್ಲಿ ಕೆಂಪು ಮೆಣಸಿನಕಾಯಿ ಹನ್ನೆರಡಕ್ಕಿಂತ ಕಡಿಮೆ ಇರತಕ್ಕದ್ದಲ್ಲ. ಅತಿಥಿ ಬೇಡವೆಂದರೆ ಅದನ್ನು ಸಂಕೋಚವೆಂದು ತಿಳಿಯತಕ್ಕದ್ದು.'

೧೯೬೪ರ ಬೇಸಿಗೆಯಲ್ಲಿ ಇಂಡಿಯ ಲಿಂಬೆತೋಟಗಳನ್ನು ನೋಡಲು ಫಿಲಿಪೈನ್ಸಿನಿಂದ ಇಸಿದ್ರೊ ಎಂಬ ತೋಟಗಾರಿಕೆ ಪಂಡಿತರು ಬಂದರು. ಕಚೇರಿಯ ಮುಖ್ಯಸ್ಥ ಪಂಢರಿನಾಥರಾಯರು ಗೋಡೆಯ ನಕಾಶೆ ನೋಡಿ, ಫಿಲಿಪೈನ್ಸ್ ಏಷ್ಯಾದಲ್ಲೇ ಇದೆಯೆಂದು ಖಚಿತಪಡಿಸಿಕೊಂಡು, ಅಡುಗೆಯ ಇಮಾಮಬಿಗೆ ಹನ್ನೆರಡು ಮೆಣಸಿನಕಾಯಿ ಮಂಜೂರು ಮಾಡಿದರು.

ಮೊದಲ ತುತ್ತಿಗೇ ಅತಿಥಿಯ ಕಣ್ಣಲ್ಲಿ ನೀರಿಳಿಯಿತು. 'ಆನಂದಬಾಷ್ಪ, ಎರಡೂ ಕಣ್ಣು' ಎಂದು ರಾಯರು ವರದಿಯಲ್ಲಿ ಬರೆದರು. ಎರಡನೆಯ ದಿನ ಬಿಕ್ಕಳಿಕೆ ಹತ್ತಿತು. 'ಮಾತು ಹೊರಡದಷ್ಟು ತೃಪ್ತಿ.' ಮೂರನೆಯ ದಿನ ಅತಿಥಿ ಹಾಸಿಗೆ ಬಿಟ್ಟು ಏಳಲಿಲ್ಲ.

ಇಮಾಮಬಿ ಕಚೇರಿಗೇ ಬಂದಳು. "ರಾಯರ, ಆ ಮನಶ್ಯಾ ಸಾಯ್ತಾನ್ರಿ."

"ಸಾಯೂದಕ್ಕ ನಿಯಮದಾಗ ಅವಕಾಶ ಇಲ್ಲವ್ವಾ."

"ಅವರ ಕಡೆ ಹುಳಿ, ಉಪ್ಪ, ಸಿಹಿ ಅಷ್ಟ ಅಂತ್ರಿ. ಕೈಸನ್ನಿ ಮಾಡಿ ಹೇಳ್ಯಾರ. ಮೆಣಸಿನಕಾಯಿ ನೋಡಿದ್ರ ಕೈ ಮುಗಿತಾರ್ರಿ."

"ಕೈ ಮುಗಿತಾರಂದ್ರ ಗೌರವ ಐತಿ ಅಂತ ಆತಲ್ಲ?"

ಇಮಾಮಬಿ ನೆಟ್ಟಗೆ ಅಡುಗೆಮನೆಗೆ ಹೋಗಿ, ಒಂದು ಕೋಳಿಯನ್ನು ಉಪ್ಪು, ಲಿಂಬೆರಸ, ಚೂರು ಬೆಲ್ಲ ಹಾಕಿ ಬೇಯಿಸಿ ಅನ್ನದ ಜೊತೆ ಇಟ್ಟಳು. ಅತಿಥಿ ಎದ್ದು ಕೂತರು. ಮೂರು ಸಲ ಬಡಿಸಿಕೊಂಡರು. ಗಂಗಾಳ ಬಳಿದು ನೆಕ್ಕಿ, ತಮ್ಮ ಭಾಷೆಯಲ್ಲಿ ಏನೋ ಬಹಳ ಹೊತ್ತು ಹೇಳಿದರು. ಆಕೆಗೆ ಒಂದಕ್ಷರ ತಿಳಿಯಲಿಲ್ಲ. ಆದರೂ ಸೆರಗಿನಿಂದ ಮೂಗೊರೆಸಿಕೊಂಡಳು.

ಆ ಮಧ್ಯಾಹ್ನ ಒಗ್ಗರಣೆಯ ಘಾಟು ಬರಲಿಲ್ಲ, ಕಚೇರಿಯಲ್ಲಿ ಯಾರೂ ಕೆಮ್ಮಲಿಲ್ಲ. ಅಪರಾಧ ಪತ್ತೆಯಾದದ್ದು ಹೀಗೆ. ಇಮಾಮಬಿಯನ್ನು ಕೆಲಸದಿಂದ ತೆಗೆದರು.

ಅತಿಥಿ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದರು: ಆಕೆ ಹೋದರೆ ನಾನೂ ಹೋಗುತ್ತೇನೆ, ಯಾಕೆ ಹೋದೆನೆಂದು ದಿಲ್ಲಿಗೆ ಬರೆಯುತ್ತೇನೆ.

ರಾಯರು ನಿಯಮದ ಪುಸ್ತಕ ತೆರೆದರು. "ನಿಯಮ ತಿದ್ದೋಣೇನೋ ಮಾನಪ್ಪಾ?" ಎಂದು ಗುಮಾಸ್ತನನ್ನು ಕೇಳಿದರು.

"ನಿಯಮ ತಿದ್ದಾಕ ಮ್ಯಾಲಿನವರ ಒಪ್ಪಿಗಿ ಬೇಕ್ರಿ, ಎರಡ ವರ್ಷ ಹಿಡಿತೈತಿ. ನಕಾಶಿ ನಮ್ಮದ ಐತಲ್ರಿ."

ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು: 'ಫಿಲಿಪೈನ್ಸ್ ದೇಶವು ಊಟದ ಮಟ್ಟಿಗೆ ಯುರೋಪಿನಲ್ಲಿದೆಯೆಂದು ಭಾವಿಸತಕ್ಕದ್ದು. ಉಳಿದ ವೇಳೆ ಅದು ಇದ್ದಲ್ಲಿಯೇ ಇರಲು ಅಡ್ಡಿಯಿಲ್ಲ.' ಅತಿಥಿಯ ರುಜು ಬೇಕಾಗಿತ್ತು. ಅವರು ಅದರ ಇಂಗ್ಲಿಷ್ ಪ್ರತಿಯನ್ನು ಎರಡು ಸಲ ಓದಿದರು. ಬಾಗಿಲಲ್ಲಿ ಗಂಟು ಹಿಡಿದು ನಿಂತಿದ್ದ ಇಮಾಮಬಿಯನ್ನು ನೋಡಿದರು. ರುಜು ಹಾಕಿದರು.

"ಯುರೋಪದವರಿಗೆ ಏನ ಮಾಡಬೇಕ್ರಿ ರಾಯರ?" ಎಂದಳು ಇಮಾಮಬಿ, ಗಂಟು ಕೆಳಗಿಟ್ಟು.

"ಅವರು ಯಾರೂ ಇಲ್ಲೀತನಕ ಬಂದಿಲ್ಲ, ಅದಕ್ಕ ನಿಯಮ ಇಲ್ಲ. ನಿನಗ ತಿಳದಂಗ ಮಾಡು."

ಅತಿಥಿ ಇನ್ನೂ ಹದಿನೆಂಟು ದಿನ ಇದ್ದು, ಮೈ ತುಂಬಿಕೊಂಡು ಹೋದರು.

ಪ್ರಕಟಣೆಯ ಒಂದು ಪ್ರತಿ ಸಾಲೆಗೂ ಹೋಗಿತ್ತು. ಗುರುಲಿಂಗಪ್ಪ ಮಾಸ್ತರರು ಅದನ್ನು ಭೂಗೋಳದಲ್ಲಿ ಸೇರಿಸಿ ಪಾಠ ಮಾಡಿದರು. ಮರುವರ್ಷ ತಪಾಸಣೆಗೆ ಬಂದ ಸಾಹೇಬರು, ಫಿಲಿಪೈನ್ಸ್ ಯಾವ ಖಂಡದಲ್ಲಿದೆ ಎಂದು ಮುಂದಿನ ಸಾಲಿನ ಹುಡುಗಿಯನ್ನು ಕೇಳಿದರು.

ಆಕೆ ಎದ್ದು ನಿಂತಳು. "ಯಾವ ಹೊತ್ತಿನ್ಯಾಗ್ರಿ, ಸರ?"

ಸಾಹೇಬರು ಗಡಿಯಾರ ನೋಡಿಕೊಂಡರು. "ಈಗ. ಹನ್ನೊಂದೂವರಿ."

"ಇನ್ನೂ ಏಷ್ಯಾದಾಗ ಐತ್ರಿ."

"ಶಾಭಾಸ್," ಎಂದು ಸಾಹೇಬರು ಪೂರ್ಣ ಅಂಕ ಕೊಟ್ಟರು.