ನಮ್ಮ ಶೆಡ್ಡಿನ ಕರೆಂಟು ಕಳ್ಳ

ಅಜ್ಜಿಯ ಕಾರಿನ ಬ್ಯಾಟರಿ ಮೇಲಿಂದ ಮೇಲೆ ಸಾಯುವುದಕ್ಕೆ ಅಜ್ಜಿಯೇ ಕಾರಣ ಎಂದು ನಮ್ಮ ಮನೆತನ ಸರ್ವಾನುಮತದಿಂದ ತೀರ್ಮಾನಿಸಿತ್ತು. ಸರ್ವಾನುಮತ ಎಂದರೆ ರೈಮೋ ದೊಡ್ಡಪ್ಪ ಮಾತಾಡಿದರು, ಉಳಿದವರು ಸುಮ್ಮನಿದ್ದೆವು. (ಥಂಡರ್ ಬೇ ಊರಿನ ನಮ್ಮ ಫಿನ್ನಿಶ್ ಮಂದಿಯಲ್ಲಿ ಯಾರಾದರೂ ಸುಮ್ಮನಿದ್ದರೆ ಅದು ಒಪ್ಪಿಗೆಯಾಗಿರಬಹುದು, ವಿರೋಧವಾಗಿರಬಹುದು, ಅಥವಾ ಬಾಯಲ್ಲಿ ಬನ್ನು ಇರಬಹುದು.)

"ಅಮ್ಮಾ, ನಿನಗೆ ಎಪ್ಪತ್ತೊಂಬತ್ತು. ಲೈಟು ಆರಿಸೋದು ಮರೀತೀಯ. ಅದು ತಪ್ಪಲ್ಲ," ಎಂದರು ದೊಡ್ಡಪ್ಪ.

"ಮರೆವು ಇದೆ ಕಣೋ ರೈಮೋ. ನಿನ್ನ ಹೆಂಡತಿ ಹುಟ್ಟಿದಹಬ್ಬ ಪ್ರತಿವರ್ಷ ಮರೀತೀನಿ. ಆದ್ರೆ ಲೈಟು ಮರೆತಿಲ್ಲ."

"ಬರೋ ಶನಿವಾರ ಸೌನಾ ಹಬೆಸ್ನಾನಕ್ಕೆ ಬರ್ತೀನಲ್ಲ, ಅಷ್ಟರೊಳಗೆ ಬೇರೆ ಕಾರಣ ಸಿಕ್ಕಿದರೆ ಸರಿ. ಇಲ್ಲದಿದ್ರೆ ಇನ್ಮೇಲೆ ಕಾರು ಓಡಿಸೋದು ಓಸ್ಮೋ. ನೀನು ಪಕ್ಕದ ಸೀಟಲ್ಲಿ ಕೂತ್ಕೋ. ಯಾರಿಂದ ಬ್ಯಾಟರಿ ಸಾಯುತ್ತೋ ಅವರ ಕೈಲಿ ಕೀಲಿ ಇರಬಾರದು."

ಓಸ್ಮೋ ಎಂದರೆ ನಾನು. ಹದಿನೇಳು ವರ್ಷ. ಶಾಲೆ ಬಿಟ್ಟ ಮೇಲೆ ಊಟದ ಮೇಜಿನಲ್ಲಿ ಅಪ್ಪ ಬಿಡುತ್ತಿದ್ದ ನಿಟ್ಟುಸಿರುಗಳನ್ನು ತಾಳಲಾರದೆ ಅಕ್ಟೋಬರಿನಲ್ಲಿ ಅಜ್ಜಿಯ ಮನೆಗೆ ಬಂದವನು. ಕಾರಿನ ಶೆಡ್ಡಿಗೆ ಅಂಟಿಕೊಂಡ ಚಿಕ್ಕ ಕೋಣೆ ನನ್ನದು.

ದೊಡ್ಡಪ್ಪ ಹೋದ ಮೇಲೆ ಅಜ್ಜಿ ತನ್ನ ಈಜಿನ ಟವಲನ್ನು ಬಿಚ್ಚಿ ಮತ್ತೆ ಮಡಚಿಟ್ಟಳು. ಪ್ರತಿ ಗುರುವಾರ ಮೂವರು ಗೆಳತಿಯರನ್ನು ಕೂರಿಸಿಕೊಂಡು ಈಜುಕೊಳಕ್ಕೆ ಹೋಗುವುದು ಅವಳ ವಾರದ ಹಬ್ಬ. ಆ ಮೂವರ ವಯಸ್ಸು ಕೂಡಿದರೆ ಇನ್ನೂರ ನಲವತ್ತೊಂದು. ಗುಂಪಿನಲ್ಲಿ ಕಾರು ಓಡಿಸುವವಳು ಅಜ್ಜಿ ಒಬ್ಬಳೇ, ಹಾಗಾಗಿ ಅವಳೇ ಯಜಮಾನಿ. ಪಕ್ಕದ ಸೀಟಿಗೆ ಹೋದರೆ ಅವಳೂ ಬರೀ ನಾಲ್ಕನೆಯ ಮುದುಕಿ.

"ನಾನು ಕಂಡುಹಿಡೀತೀನಿ ಅಜ್ಜಿ," ಎಂದೆ.

"ನೀನು ನನ್ನ ನಂಬ್ತೀಯ ತಾನೆ?"

"ನಂಬ್ತೀನಿ," ಎಂದು ಹೇಳಿ ಕೋಣೆಗೆ ಹೋಗಿ, ನೋಟ್‌ಬುಕ್ಕಿನಲ್ಲಿ 'ಶಂಕಿತರು' ಎಂದು ತಲೆಬರಹ ಬರೆದು, ಅದರ ಕೆಳಗೆ '೧. ಅಜ್ಜಿ' ಎಂದು ಬರೆದೆ. (ಪ್ರೀತಿ ಬೇರೆ, ತನಿಖೆ ಬೇರೆ.)

ನಾನು ಎಚ್ಚರಿಕೆಯ ಮನುಷ್ಯ. ಅಜ್ಜಿಯ ಮನೆಗೆ ಬಂದ ದಿನವೇ ಕಾರಿನ ಕೀಲಿಯ ಜವಾಬ್ದಾರಿಯನ್ನು ನಾನು ವಹಿಸಿಕೊಂಡಿದ್ದೆ. ಅಲ್ಲಿಯವರೆಗೆ ಅದು ಅಡಿಗೆಮನೆಯಲ್ಲಿ ಒಂದು ಹಳೆಯ ತಗಡಿನ ಕಾಫಿ ಡಬ್ಬಿಯೊಳಗೆ, ಪುಡಿಯ ವಾಸನೆ ಹೀರಿಕೊಂಡು ಬಿದ್ದಿರುತ್ತಿತ್ತು. ಅದೇನು ಸಾಮಾನ್ಯ ಕೀಲಿಯಲ್ಲ. ತೂರಿಸಬೇಕಿಲ್ಲ, ತಿರುಗಿಸಬೇಕಿಲ್ಲ. ಜೇಬಿನಲ್ಲಿದ್ದರೆ ಸಾಕು, ಕಾರು ತಾನೇ ಗುರುತು ಹಿಡಿದು ಬಾಗಿಲು ತೆರೆಯುತ್ತದೆ. ಅಂಥ ಸೂಕ್ಷ್ಮ ವಸ್ತುವನ್ನು ಕಾಫಿ ಡಬ್ಬಿಯಲ್ಲಿ ಇಡುವುದೆ? ಕೆಂಪು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡೆ. ರಾತ್ರಿ ಮಂಚದ ತಲೆಯ ಬಳಿಯ ಮೊಳೆಗೆ ನೇತುಹಾಕುತ್ತಿದ್ದೆ. ಅಜ್ಜಿಗೆ ಬೇಕಾದಾಗ ಕೊಟ್ಟು, ಬಂದ ತಕ್ಷಣ ವಾಪಸು ಪಡೆಯುತ್ತಿದ್ದೆ.

ಸೋಮವಾರ ತೌನೋ ಅಜ್ಜನ ಕರೆಂಟು ಅಳೆಯುವ ಮಲ್ಟಿಮೀಟರನ್ನು ಅಟ್ಟದಿಂದ ಇಳಿಸಿದೆ. ಅಜ್ಜ ತೀರಿಕೊಂಡು ಎಂಟು ವರ್ಷವಾಗಿದೆ, ಮೀಟರು ಮಾತ್ರ ಗಟ್ಟಿ. ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿ, ಬ್ಯಾಟರಿಗೂ ತಂತಿಗೂ ನಡುವೆ ಮೀಟರನ್ನು ಸೇರಿಸಬೇಕು. ಆಗ ಕಾರು ನಿಂತಲ್ಲೇ ಕದ್ದು ಕುಡಿಯುವ ಕರೆಂಟೆಲ್ಲ ಮೀಟರಿನ ಮೂಲಕವೇ ಹಾದು ಹೋಗಬೇಕಾಗುತ್ತದೆ, ಸುಂಕದ ಕಟ್ಟೆಯಲ್ಲಿ ಗಾಡಿಗಳು ಹಾದುಹೋಗುವ ಹಾಗೆ. 0.03 ಆಂಪಿಯರ್ ಇದ್ದರೆ ಮರ್ಯಾದಸ್ಥ ಕಾರು. ನಮ್ಮದು 0.85 ತೋರಿಸಿತು. ಎರಡು ದಿನದಲ್ಲಿ ಬ್ಯಾಟರಿಯನ್ನು ಬರಿದು ಮಾಡುವಷ್ಟು ದಾಹ!

"ಅಜ್ಜೀ, ಕಳ್ಳ ಇದ್ದಾನೆ!" ಎಂದು ಬಾನೆಟ್ಟಿನ ಹಿಂದಿನಿಂದ ಕೂಗಿದೆ.

"ಲೈಟಂತೂ ಅಲ್ಲ, ನೋಡು," ಎಂದು ಅಜ್ಜಿ ಕಾರೊಳಗೆ ಕೂತು, ತಾನು ಲೈಟು ಆರಿಸಬಲ್ಲೆ ಎಂದು ರುಜುವಾತು ಮಾಡಲು, ಮೊದಲು ಅದನ್ನು ಹಚ್ಚಿದಳು. ಬ್ರೇಕನ್ನೂ ತುಳಿದಳು. ಅಷ್ಟು ಸಾಲದೆಂದು ಹಾರ್ನನ್ನೂ ಒತ್ತಿದಳು. ಹಾರ್ನು ಅರ್ಧದಲ್ಲೇ ಗಂಟಲು ಕಟ್ಟಿ ನಿಂತಿತು. ಮೀಟರು 0.00 ತೋರಿಸಿತು.

"ನಿಂತುಹೋಯ್ತಲ್ಲ!" ಎಂದೆ.

"ಹಾರ್ನಿಗೆ ಹೆದರಿ ಬಿಟ್ಟಿರಬೇಕು," ಎಂದಳು ಅಜ್ಜಿ.

ಆಮೇಲೆ ಎಷ್ಟು ಸಲ ನೋಡಿದರೂ ಸೊನ್ನೆಯೇ. ತಂತಿಯನ್ನು ಮತ್ತೆ ಬ್ಯಾಟರಿಗೆ ಬಿಗಿದು, ಒಳಗೆ ಹೋಗಿ ಏಲಕ್ಕಿ ಬನ್ನು ತಿಂದು ವಿಜಯೋತ್ಸವ ಆಚರಿಸಿದೆವು. ಬುಧವಾರ ಬೆಳಿಗ್ಗೆ ಬ್ಯಾಟರಿ ಮತ್ತೆ ಸತ್ತಿತ್ತು.

ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ಸತ್ತದ್ದು ಕಳ್ಳನಲ್ಲ, ಮೀಟರಿನ ಒಳಗಿನ ಫ್ಯೂಸು! ಲೈಟು, ಬ್ರೇಕು, ಹಾರ್ನು ಮೂರರ ಭಾರವನ್ನೂ ಹೊರಲಾರದೆ ಅದು ಸುಟ್ಟುಹೋಗಿತ್ತು. ಹೊಸದನ್ನು ತರಲು ಹೊರಟವನು ಮೀಟರಿನ ಹಿಂದಿನ ಮುಚ್ಚಳ ತೆಗೆದು ನೋಡಿದರೆ, ಅಲ್ಲೇ ಒಂದು ಫ್ಯೂಸನ್ನು ಟೇಪು ಹಾಕಿ ಅಂಟಿಸಿಟ್ಟಿತ್ತು. ಜೊತೆಗೆ ಅಜ್ಜನ ಕೈಬರಹದ ಪುಟ್ಟ ಚೀಟಿ: 'ಔನೆ ಸಹಾಯ ಮಾಡಿದಾಗ ಬೇಕಾಗುತ್ತದೆ.'

ಔನೆ ಎಂದರೆ ಅಜ್ಜಿ. ಚೀಟಿಯನ್ನು ಅವಳು ಎರಡು ಸಲ ಓದಿದಳು.

"ಸತ್ತ ಮೇಲೂ ಎದುರು ಮಾತಾಡ್ತಾನಲ್ಲ, ಈ ಮನುಷ್ಯ!" ಎಂದು ಕನ್ನಡಕ ಒರೆಸಿಕೊಂಡಳು.

ಬ್ಯಾಟರಿಯನ್ನು ಚಾರ್ಜು ಮಾಡಿಟ್ಟೆ, ಗುರುವಾರದ ಈಜು ಹೇಗೋ ನಡೆಯಿತು. ಮೀಟರಿಗೆ ಅಜ್ಜನ ಫ್ಯೂಸು ಹಾಕಿ, ಅಜ್ಜಿಯನ್ನು ಅಡಿಗೆಮನೆಯಲ್ಲಿ ಕೂರಿಸಿ, ಶುಕ್ರವಾರ ಎರಡನೆಯ ಸುತ್ತು ಆರಂಭಿಸಿದೆ. ಮೀಟರನ್ನು ಜೋಡಿಸಿಟ್ಟು ಕಾರಿನ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುವುದು. ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಆ ದಾರಿಯಲ್ಲೇ ಕಳ್ಳ. ನಲವತ್ತೊಂದು ಫ್ಯೂಸು ಕಿತ್ತೆ, ನಲವತ್ತೊಂದು ಸಾಲು ಬರೆದೆ. ಒಂದನ್ನು ಕಿತ್ತರೆ ಅಂಕಿ ಸ್ವಲ್ಪ ಇಳಿಯಿತು. ಇನ್ನೊಂದಕ್ಕೂ ಸ್ವಲ್ಪ. ಹೀಗೆ ಒಂಬತ್ತು ಫ್ಯೂಸುಗಳು ತಪ್ಪೊಪ್ಪಿಕೊಂಡವು. ಒಬ್ಬ ಕಳ್ಳನನ್ನು ಹುಡುಕಿ ಹೊರಟರೆ ಇಡೀ ಕೇರಿಯೇ ದೀಪ ಹಚ್ಚಿಕೊಂಡು ಎದ್ದು ಕೂತಂತಿತ್ತು!

ನಿಲ್ಲಿಸಿದ ಮೇಲೆ ಒಳಗಿನ ಯಂತ್ರಗಳೆಲ್ಲ ಒಂದೊಂದಾಗಿ ಆರಿ ಕಾರಿಗೆ ನಿದ್ದೆ ಬರಲು ಕಾಲು ಗಂಟೆ ಬೇಕು ಎಂದು ಓದಿದ್ದೆ. ಆದ್ದರಿಂದ ಬಾಗಿಲುಗಳನ್ನೆಲ್ಲ ಹಾಕಿ, ಸ್ಟೂಲು ಎಳೆದುಕೊಂಡು ಕಾರಿನ ಮುಂದೆ ಒಂದು ಗಂಟೆ ಕೂತೆ. ಕೆಮ್ಮು ಬಂದರೂ ನುಂಗಿದೆ. 0.85. ಕದಲಲಿಲ್ಲ.

ಅಜ್ಜಿ ಇಣುಕಿದಳು. "ಪುಟ್ಟಾ, ನನ್ನೆದುರಿಗೂ ಯಾರಾದ್ರೂ ಹಿಂಗೆ ಕಣ್ಣು ಬಿಟ್ಕೊಂಡು ಕೂತ್ರೆ ನಂಗೂ ನಿದ್ದೆ ಬರಲ್ಲ."

"ಕಾರಿಗೆ ನಾಚಿಕೆ ಇರಲ್ಲ ಅಜ್ಜಿ."

"ಇದ್ರೂ ಇರಬಹುದು. ನಮ್ಮನೆ ಕಾರು ತಾನೆ?"

ಶನಿವಾರ ಬಂತು. ನನ್ನ ತಲೆಯೊಳಗೆ ಒಂಬತ್ತು ಫ್ಯೂಸುಗಳು ಗಿರಗಿರ ತಿರುಗುತ್ತಿದ್ದವು. ಸಂಜೆ ನಾಲ್ಕಕ್ಕೆ ದೊಡ್ಡಪ್ಪ ಬರುವವರು. ಮೂರಕ್ಕೆ ಅಜ್ಜಿ ನನ್ನ ತೋಳು ಹಿಡಿದು ಸ್ಟೂಲಿನಿಂದ ಎಬ್ಬಿಸಿದಳು.

"ಸೌನಾ ಕಾದಿದೆ. ಹೋಗಿ ಬೆವರಿ ಬಾ. ನಾನು ನೋಡ್ತಿರ್ತೀನಿ."

"ಏನನ್ನೂ ಮುಟ್ಟಬಾರದು."

"ಕೈ ಜೇಬಲ್ಲೇ ಇಟ್ಕೊತೀನಿ. ಅಂಕಿ ಮಾತ್ರ ಬರೀತೀನಿ."

"ಜೇಬಲ್ಲಿ ಕೈ ಇಟ್ಟು ಹೆಂಗೆ ಬರೀತೀಯ?"

"ಹೋಗ್ತೀಯೋ ಇಲ್ವೋ?"

ಸೌನಾ ಗುಡಿಸಲು ಹಿತ್ತಲಿನ ತುದಿಯ ಬೇಲಿಯ ಬಳಿ ಇದೆ. ಬಟ್ಟೆ ಬಿಚ್ಚಿಟ್ಟೆ. ಒಳಗಿನ ಕಾವಿಗೆ ಕೆಟ್ಟೀತೆಂದು ಕೊರಳಿನ ಕೀಲಿಯನ್ನೂ ಬಟ್ಟೆಯ ಮೇಲೆಯೇ ಇಟ್ಟೆ. ಕಾದ ಕಲ್ಲಿನ ಮೇಲೆ ಮೂರನೆಯ ಸಲ ನೀರು ಸುರಿಯುತ್ತಿದ್ದಾಗ ಶೆಡ್ಡಿನಿಂದ ಕೂಗು ಕೇಳಿತು.

"ಓಸ್ಮೋ! ಮಲಗ್ತು! ಮಲಗ್ತು ಕಣೋ!"

ಟವಲು ಸುತ್ತಿಕೊಂಡು, ಇದ್ದ ಚಪ್ಪಲಿ ಮೆಟ್ಟಿಕೊಂಡು, ಹಿಮದ ಮೇಲೆ ಓಡಿದೆ. ಮೈಯಿಂದ ಹಬೆ ಏಳುತ್ತಿತ್ತು. ಮೀಟರಿನಲ್ಲಿ 0.03!

"ಏನು ಮುಟ್ಟಿದೆ?"

"ನಿನ್ನಾಣೆ, ಏನೂ ಇಲ್ಲ. ನೀನು ಹೋದೆ, ಅದು ಮಲಗ್ತು."

ಓಡಿಹೋಗಿ ಬಟ್ಟೆ ಹಾಕಿಕೊಂಡು ಬಂದೆ. ಶೆಡ್ಡಿನ ಬಾಗಿಲು ದಾಟಿದ್ದೇ ತಡ, 0.85.

ನಾವಿಬ್ಬರೂ ಮೀಟರನ್ನು ನೋಡಿದೆವು. ಮೀಟರು ನನ್ನನ್ನು ನೋಡುತ್ತಿರುವಂತೆ ಅನ್ನಿಸಿತು.

"ಪ್ಯಾಂಟು ಹಾಕ್ಕೊಂಡ್ರೆ ಏಳುತ್ತೆ," ಎಂದಳು ಅಜ್ಜಿ ಗಂಭೀರವಾಗಿ.

ಆ ಕ್ಷಣದಲ್ಲಿ ನನ್ನಲ್ಲಿ ಬುದ್ಧಿ ಉಳಿದಿರಲಿಲ್ಲ, ಕ್ರಮ ಮಾತ್ರ ಉಳಿದಿತ್ತು. ಕಾರಿನ ಫ್ಯೂಸುಗಳನ್ನು ಒಂದೊಂದಾಗಿ ಪರೀಕ್ಷಿಸಿದವನು ನನ್ನ ಬಟ್ಟೆಗಳನ್ನೂ ಒಂದೊಂದಾಗಿ ಪರೀಕ್ಷಿಸಬೇಕಲ್ಲವೆ? ಮತ್ತೆ ಗುಡಿಸಲಿಗೆ ಹೋಗಿ ಎಲ್ಲವನ್ನೂ ಬಿಚ್ಚಿಟ್ಟು, ಕಾರು ಮಲಗುವ ತನಕ ಒಲೆಯ ಪಕ್ಕ ಕಾದು, ಟವಲಿನಲ್ಲಿ ಬಂದೆ. 0.03. ವಾಪಸು ಓಡಿ ಒಂದು ಕಾಲುಚೀಲ ಹಾಕಿಕೊಂಡು ಬಂದೆ.

"ಎಡಗಾಲಿನ ಚೀಲ, 0.03," ಎಂದು ಅಜ್ಜಿ ಬರೆದುಕೊಂಡಳು. "ಮುಂದಿಂದು!"

ಬಲಗಾಲು, 0.03. ಬನಿಯನ್ನು, 0.03. ಹೊರಗೆ ಮೈನಸ್ ಎಂಟು ಡಿಗ್ರಿ. ಬೇಲಿಯಾಚೆ ಪಕ್ಕದ ಮನೆಯವರ ನಾಯಿ ಕೂಡ ಬೊಗಳುವುದನ್ನು ಬಿಟ್ಟು ನನ್ನ ಓಡಾಟವನ್ನು ನೋಡುತ್ತಿತ್ತು. ಕಾಲುಚೀಲ, ಬನಿಯನ್ನು, ಸೊಂಟಕ್ಕೆ ಟವಲು ಇಷ್ಟರಲ್ಲಿ ನಾನಿದ್ದಾಗ ರೈಮೋ ದೊಡ್ಡಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು.

"ಅಮ್ಮಾ... ಏನು ನಡೀತಿದೆ?"

"ಕಳ್ಳನ್ನ ಹಿಡೀತಿದೀವಿ. ಅಡ್ಡ ನಿಲ್ಲಬೇಡ. ಓಸ್ಮೋ, ಪ್ಯಾಂಟು!"

ಪ್ಯಾಂಟು, 0.03. ನಿರಪರಾಧಿ. ಅಂಗಿ, 0.03. ಉಳಿದದ್ದು ಒಂದೇ. ಕೆಂಪು ದಾರವನ್ನು ಕೊರಳಿಗೆ ಹಾಕಿಕೊಂಡು ಶೆಡ್ಡಿನೊಳಗೆ ಕಾಲಿಟ್ಟೆ. ಮೀಟರು ಬೆದರಿದ ಬೆಕ್ಕಿನಂತೆ 0.85ಕ್ಕೆ ಜಿಗಿಯಿತು.

ಅಜ್ಜಿ ನನ್ನ ಕೊರಳನ್ನು ನೋಡಿದಳು, ಕಾರನ್ನು ನೋಡಿದಳು, ಶೆಡ್ಡಿನ ಗೋಡೆಯನ್ನು ನೋಡಿದಳು. ಆ ಗೋಡೆಯ ಆಚೆ ನನ್ನ ಮಂಚದ ತಲೆ. ಅಲ್ಲೇ ಮೊಳೆ.

"ಯಜಮಾನ ಬಂದ, ಯಜಮಾನ ಬಂದ ಅಂತ ಪಾಪ ಅದು ಹಗಲೂ ರಾತ್ರಿ ಎದ್ದು ನಿಂತಿತ್ತು," ಎಂದಳು. ಆಮೇಲೆ ಅಡಿಗೆಮನೆಗೆ ಹೋಗಿ ಹಳೆಯ ಕಾಫಿ ಡಬ್ಬಿ ತಂದು, ಕೀಲಿಯನ್ನು ಅದರೊಳಗೆ ಹಾಕಿ, ಮುಚ್ಚಳ ಬಿಗಿದು, ಕಾರಿನ ಬ್ಯಾಟರಿಯ ಪಕ್ಕದಲ್ಲೇ ಇಟ್ಟಳು. ಸ್ವಲ್ಪ ಹೊತ್ತಿನಲ್ಲಿ ಅಂಕಿ ನಿಧಾನವಾಗಿ ಇಳಿದು 0.03ಕ್ಕೆ ನಿಂತಿತು. ತಗಡಿನ ಒಳಗಿನಿಂದ ಕೀಲಿಯ ಕೂಗು ಕಾರಿಗೆ ಕೇಳಿಸಲಿಲ್ಲ.

ದೊಡ್ಡಪ್ಪ ನನ್ನ ನೋಟ್‌ಬುಕ್ಕನ್ನು ಎತ್ತಿಕೊಂಡು ಮೊದಲ ಪುಟದಿಂದ ಗಟ್ಟಿಯಾಗಿ ಓದತೊಡಗಿದರು. "'ಅಕ್ಟೋಬರ್ ಒಂಬತ್ತು. ಕೀಲಿಯ ಜವಾಬ್ದಾರಿ ವಹಿಸಿಕೊಂಡೆ. ಅಕ್ಟೋಬರ್ ಹನ್ನೊಂದು. ಬ್ಯಾಟರಿ ಮೊದಲ ಸಲ ಸತ್ತಿತು.' ಅಲ್ಲ ಕಣೋ, ನೀನೇ ಬರೆದಿದೀಯಲ್ಲ!"

"ಎಲ್ಲಾನೂ ಬರೀತೀನಿ ದೊಡ್ಡಪ್ಪ," ಎಂದೆ. "ಓದಿರಲಿಲ್ಲ."

"'ಶಂಕಿತರು. ಒಂದು, ಅಜ್ಜಿ.'"

ಆ ಪುಟ ಇರುವುದನ್ನು ನಾನು ಮರೆತೇಬಿಟ್ಟಿದ್ದೆ. ಹಿತ್ತಲಿಗೆ ಓಡಿ ಸೌನಾದೊಳಗೆ ಸೇರಿಕೊಳ್ಳೋಣ ಅನ್ನಿಸಿತು. ಅಜ್ಜಿ ನೋಟ್‌ಬುಕ್ಕನ್ನು ಕಸಿದುಕೊಂಡು, ಪೆನ್ನು ತೆಗೆದು, ತನ್ನ ಹೆಸರನ್ನು ನಿಧಾನವಾಗಿ ಹೊಡೆದುಹಾಕಿದಳು.

"ರೈಮೋ, ನೀನೇನೋ ಕಾನೂನು ಹೇಳಿದ್ದೆ. ಯಾರಿಂದ ಬ್ಯಾಟರಿ ಸಾಯುತ್ತೋ..."

"...ಅವರ ಕೈಲಿ ಕೀಲಿ ಇರಬಾರದು," ಎಂದು ದೊಡ್ಡಪ್ಪ ಸಣ್ಣ ದನಿಯಲ್ಲಿ ಮುಗಿಸಿದರು.

ಈಗ ಗುರುವಾರ ಈಜಿಗೆ ಅಜ್ಜಿಯೇ ಓಡಿಸುತ್ತಾಳೆ. ಸಾಮಾನು ತರುವ ದಿನ ನಾನೂ ಜೊತೆಗೆ ಹೋಗುವುದುಂಟು, ಪಕ್ಕದ ಸೀಟಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು. ಮನೆ ತಲುಪಿದ ಕೂಡಲೇ ಅವಳು ಕೀಲಿಯನ್ನು ಅದರೊಳಗೆ ಹಾಕುತ್ತಾಳೆ, ಮುಚ್ಚಳವನ್ನು ಮಾತ್ರ ನನಗೆ ಮುಟ್ಟಗೊಡುವುದಿಲ್ಲ.

ಮೊನ್ನೆ ಅಟ್ಟದಲ್ಲಿಡುವ ಮುನ್ನ ಮೀಟರನ್ನು ಒರೆಸಲೆಂದು ಹಿಂದಿನ ಮುಚ್ಚಳ ತೆಗೆದೆ. ಒಳಗೆ ಹೊಸ ಫ್ಯೂಸೊಂದನ್ನು ಟೇಪು ಹಾಕಿ ಅಂಟಿಸಿತ್ತು. ಅಜ್ಜನ ಹಳೆಯ ಚೀಟಿಯ ಕೆಳಗೆ ಇನ್ನೊಂದು ಚೀಟಿ, ಅಜ್ಜಿಯ ದುಂಡು ಅಕ್ಷರದಲ್ಲಿ:

'ಓಸ್ಮೋ ಎಚ್ಚರಿಕೆ ವಹಿಸಿದಾಗ ಬೇಕಾಗುತ್ತದೆ.'