ತಪ್ಪು ಹಿಟ್ಟಿನದೋ, ಓವನ್ನಿನದೋ

ನಮ್ಮ ಮನೆಯಲ್ಲಿ ದೀಪಾವಳಿಗೆ ಮೊದಲು ಏನಾದರೊಂದು ಸೀಯದಿದ್ದರೆ ಹಬ್ಬ ಹತ್ತಿರ ಬಂದದ್ದೇ ಗೊತ್ತಾಗುವುದಿಲ್ಲ. ಸೀಯುವುದು ಹೆಚ್ಚಾಗಿ ನಾನ್‌ಖಟಾಯಿ. ಕೆಲವು ವರ್ಷ ಸೀಯುವುದಿಲ್ಲ, ಹಸಿಯಾಗಿ ಉಳಿಯುತ್ತದೆ. ಒಂದೇ ತಟ್ಟೆಯಲ್ಲಿ ಎರಡೂ ಆದ ವರ್ಷಗಳೂ ಇವೆ.

ನನ್ನ ಅತ್ತೆ ಇರುವುದು ತುಮಕೂರಿನಲ್ಲಿ. ಅವರು ಮಾಡಿದ ನಾನ್‌ಖಟಾಯಿ ಬಾಯಿಗಿಟ್ಟರೆ ಕರಗುತ್ತದೆ ಎಂದು ನೆಂಟರೆಲ್ಲ ಹೇಳುತ್ತಾರೆ. ಅದೇ ಮೈದಾ, ಅದೇ ತುಪ್ಪ, ಅದೇ ಏಲಕ್ಕಿ ಹಾಕಿ ಅವರ ಮಗಳು, ಅಂದರೆ ನನ್ನ ಹೆಂಡತಿ, ಕಲಸಿದರೆ ಬಾಯಿಯವರೆಗೆ ಬರುವುದೇ ಇಲ್ಲ, ತಟ್ಟೆಯಲ್ಲೇ ಕರಗುತ್ತದೆ. ತಪ್ಪು ಓವನ್ನಿನದು ಎಂದು ಅವಳ ವಾದ. ಹಿಟ್ಟಿನದು ಎಂದು ನನ್ನ ವಾದ. ನಾನು ಜಾಸ್ತಿ ಮಾತಾಡುವವನಲ್ಲ. ಆದರೆ ನನ್ನ ಕೆಲಸ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ, ನಾವು ಅಲ್ಲಿ ಮಾಡುವುದೇ ಓವನ್. ಅಡುಗೆಮನೆಯವಲ್ಲ, ಬಣ್ಣ ಹಚ್ಚಿದ ಕಬ್ಬಿಣವನ್ನು ಒಳಗೆ ನಿಲ್ಲಿಸಿ ಬೇಯಿಸುವ, ಕೋಣೆಯಷ್ಟು ದೊಡ್ಡವು. ಆದರೂ ಓವನ್ ಎಂಬ ಜಾತಿಯ ಮೇಲೆ ಯಾರಾದರೂ ಆಪಾದನೆ ಹೊರಿಸಿದರೆ ನನಗೆ ಸುಮ್ಮನಿರಲಾಗುವುದಿಲ್ಲ.

ಈ ಸಲ ಅತ್ತೆಯವರೇ ಹಬ್ಬಕ್ಕೆ ಬರುವುದೆಂದಾಯಿತು.

"ಅಮ್ಮನೇ ತಿಂದು ತೀರ್ಮಾನ ಹೇಳ್ಲಿ," ಎಂದಳು ಹೆಂಡತಿ. "ಓವನ್ನಿಂದು ಅಂದ್ರೆ ಇನ್ಮೇಲೆ ನನ್ನ ಹಿಟ್ಟಿನ ಬಗ್ಗೆ ನೀವು ಉಸಿರೆತ್ತೋ ಹಾಗಿಲ್ಲ."

"ಹಿಟ್ಟಿಂದು ಅಂದ್ರೆ?"

"ಅನ್ನಲ್ಲ."

ಜ್ವರ ನೋಡಿದ್ದು

ಅತ್ತೆ ಬರುವುದಕ್ಕೆ ಮುಂಚೆ ಒಂದು ಭಾನುವಾರ ಹೆಂಡತಿ ಸ್ವಲ್ಪ ಹಿಟ್ಟು ಕಲಸಿ, ಉಂಡೆ ಕಟ್ಟಿ, ಮನೆಯ ಓವನ್ನಿನಲ್ಲಿಟ್ಟಳು. ನಾನು ಕಾರ್ಖಾನೆಯಿಂದ ಶಾಖ ಅಳೆಯುವ ಮೀಟರ್ ತಂದಿದ್ದೆ. ಅದರ ವೈರಿನ ತುದಿಯನ್ನು ಒಳಗಿಟ್ಟರೆ ಎಷ್ಟು ಬಿಸಿ ಇದೆ ಎಂದು ಹೊರಗೆ ತೋರಿಸುತ್ತದೆ. ಎಡ ಮೂಲೆ ನೋಡಿದೆ, ಸರಿ ಇತ್ತು. ಬಾಗಿಲು ತೆಗೆದು ವೈರನ್ನು ಬಲ ಮೂಲೆಗೆ ಸರಿಸಿದೆ. ಸರಿ ಇತ್ತು. ಮತ್ತೆ ಬಾಗಿಲು ತೆಗೆದೆ, ನಡುವೆ ಇಟ್ಟೆ. ಆಮೇಲೆ ಹಿಂದೆ, ಮುಂದೆ, ಮೇಲೆ, ಕೆಳಗೆ.

"ರೀ, ಮಗೂಗೆ ಜ್ವರ ಬಂದಾಗ್ಲೂ ನೀವು ಇಷ್ಟು ಸಲ ನೋಡಿರ್ಲಿಲ್ಲ," ಎಂದಳು.

"ಓವನ್‌ದೇನೂ ತಪ್ಪಿಲ್ಲ. ಎಲ್ಲಾ ಕಡೆ ಒಂದೇ ಶಾಖ ಇದೆ," ಎಂದು ನಾನು ಗಂಭೀರವಾಗಿ ಘೋಷಿಸಿದೆ.

ಅಷ್ಟು ಸಲ ಬಾಗಿಲು ತೆಗೆದರೆ ಯಾವ ಓವನ್ ಆದರೂ ತಣ್ಣಗಾಗದೆ ಇರುತ್ತದೆಯೇ? ಉಂಡೆಗಳೆಲ್ಲ ನಿಧಾನವಾಗಿ ಒರಗಿ, ಒಂದಕ್ಕೊಂದು ಅಂಟಿಕೊಂಡು, ತಟ್ಟೆಯ ತುಂಬ ಒಂದೇ ಬಿಸ್ಕತ್ತಾಗಿ ಮಲಗಿದ್ದವು. ಹೆಂಡತಿ ಅದನ್ನು ಎತ್ತಿ ನೋಡಿದಳು. ಚಾಪೆಯ ಹಾಗೆ ಮಡಚಿಕೊಂಡಿತು.

"ಜ್ವರ ಇಲ್ಲ ಅಂತ ಆಯ್ತಲ್ಲ," ಎಂದಳು. "ಇನ್ನು ಹೊದಿಸಿ ಮಲಗಿಸಿ."

ಬದಲಾದ ಡಬ್ಬ

ಹಿಟ್ಟು ಸರಿಯೋ ಇಲ್ಲವೋ ತಿಳಿಯಬೇಕಾದರೆ ಅದನ್ನು ಬೇರೆ ಓವನ್ನಿನಲ್ಲಿ ಬೇಯಿಸಿ ನೋಡಬೇಕು, ಇದು ವಿಜ್ಞಾನ. ರಾಜಗೋಪಾಲನಗರದಲ್ಲಿ ಹಳೆಯ ಬೇಕರಿಯೊಂದಿದೆ. ಹಬ್ಬದ ಹೊತ್ತಿನಲ್ಲಿ ಜನ ಮನೆಯಲ್ಲೇ ಹಿಟ್ಟು ಕಲಸಿ ಡಬ್ಬದಲ್ಲಿ ತಂದುಕೊಟ್ಟರೆ, ಸೌದೆ ಒಲೆಯಲ್ಲಿ ಬೇಯಿಸಿ ಅದೇ ಡಬ್ಬಕ್ಕೆ ತುಂಬಿ ಕೊಡುತ್ತಾರೆ. ನಾನೂ ಸ್ಟೀಲ್ ಡಬ್ಬ ಹಿಡಿದುಕೊಂಡು ಹೋದೆ. ಅಲ್ಲಿದ್ದ ಡಬ್ಬಗಳೆಲ್ಲ ಸ್ಟೀಲಿನವೇ.

ಸಂಜೆ ಡಬ್ಬ ತಂದು ತೆರೆದು, ಹೆಂಡತಿ ಒಂದು ಬಾಯಿಗಿಟ್ಟಳು. ಕಣ್ಣಲ್ಲಿ ನೀರು ಬಂತು. ಅಮ್ಮನ ನೆನಪಾಗಿರಬೇಕೆಂದುಕೊಂಡೆ.

"ಹಸಿಮೆಣಸಿನಕಾಯಿ!" ಎಂದಳು.

ಅದು ಯಾರದೋ ಮನೆಯ ಖಾರ ಬಿಸ್ಕತ್ತು. ಡಬ್ಬ ಹಿಡಿದು ಮತ್ತೆ ಹೋಗಿ ಬೇಕರಿಯವರನ್ನು ಕೇಳಿದೆ. ಅವರು ಯೋಚಿಸಿ, "ಸಾರ್, ಅದು ಹಿಂದಿನ ರಸ್ತೆ ಅಜ್ಜಿ ಮನೇದು. ಅವರು ಈಗ ತಾನೇ ತಗೊಂಡು ಹೋದ್ರು, ಓಡಿ," ಎಂದರು.

ನಾನು ಓಡುವ ವಯಸ್ಸಿನವನಲ್ಲ. ನಡೆದು ಹೋಗುವಷ್ಟರಲ್ಲಿ ಆ ಮನೆಯ ಜಗಲಿಯಲ್ಲಿ ಕಾಫಿ ಆಗುತ್ತಿತ್ತು. ನಮ್ಮ ಡಬ್ಬ ಮಧ್ಯದಲ್ಲಿ, ಸುತ್ತ ಅಜ್ಜಿ, ತಾತ, ಇಬ್ಬರು ಸೊಸೆಯಂದಿರು. ನನ್ನ ಕೈಯಲ್ಲಿದ್ದ ಡಬ್ಬ ನೋಡಿದ ಕೂಡಲೇ ಅಜ್ಜಿಗೆ ವಿಷಯ ಗೊತ್ತಾಯಿತು.

"ಅಯ್ಯೋ, ಇದು ನಿಮ್ದಾ? ಅದ್ಕೇ ಇಂಗೈತೆ! ನಮ್ಮೆಜಮಾನ್ರು ಐದು ವರ್ಷದಿಂದ ಸಕ್ಕರೆ ಬಿಟ್ಟಿದ್ರು. ಇವತ್ತು ಮತ್ತೆ ಶುರು ಮಾಡವ್ರೆ. ಕೂತ್ಕಳಿ ಸಾರ್, ಒಂದು ತಗಳಿ."

ನಮ್ಮ ಮನೆಯ ಬಿಸ್ಕತ್ತನ್ನು ನನಗೇ ಉಪಚಾರ ಮಾಡಿ ಕೊಟ್ಟರು. ಸಂಕೋಚದಿಂದ ಒಂದೇ ತೆಗೆದುಕೊಂಡೆ. ಅದೇ ಕೊನೆಯದು.

ಮನೆಗೆ ಬಂದು ನಡೆದದ್ದು ಹೇಳಿದೆ. "ನೋಡಿದ್ರಾ? ಹಿಟ್ಟು ಸರಿಯಾಗೇ ಇತ್ತು," ಎಂದಳು.

"ಹಿಟ್ಟಲ್ಲ, ಅದು ಆ ಬೇಕರಿ ಓವನ್ ಮಹಿಮೆ," ಎಂದೆ.

"ಅಂದ್ರೆ ಓವನ್ ಒಳ್ಳೇದಾದ್ರೆ ಬಿಸ್ಕತ್ತು ಚೆನ್ನಾಗಿ ಬರುತ್ತೆ?"

"ಹೌದು."

ಸಿಕ್ಕಿಬಿದ್ದದ್ದು ಹೇಳಿದ ಮೇಲೆ ಗೊತ್ತಾಯಿತು. ಹೆಂಡತಿ ಡಬ್ಬ ತೊಳೆಯುತ್ತಾ ಸಣ್ಣಗೆ ಹಾಡಿಕೊಂಡಳು.

ಮ್ಯಾಲ ಅದಾವ್ರಿ

ಓವನ್ ಕುಲದ ಮರ್ಯಾದೆ ಉಳಿಸಲು ನನಗೆ ಇದ್ದದ್ದು ಒಂದೇ ದಾರಿ: ನಾವೇ ಮಾಡಿದ ಓವನ್. ಕಬ್ಬಿಣದ ಬೀರು ಮಾಡುವ ಕಂಪನಿಯೊಂದಕ್ಕೆ ಹೊಸದೊಂದು ಸಿದ್ಧವಾಗಿತ್ತು. ಅದರೊಳಗೆ ಇನ್ನೂ ಬಣ್ಣದ ಸೋಂಕಿರಲಿಲ್ಲ. ಖಾಲಿ ಓಡಿಸಿ ಹೊಸ ತಗಡಿನ ವಾಸನೆಯನ್ನೂ ತೆಗೆದಿದ್ದೆವು. ಮರುದಿನ ಮಧ್ಯಾಹ್ನ ಬೀರು ಕಂಪನಿಯವರು ಬಂದು ಪರೀಕ್ಷೆ ಮಾಡಿ, ಒಪ್ಪಿದರೆ ತೆಗೆದುಕೊಂಡು ಹೋಗುವುದಿತ್ತು. ನಮ್ಮ ಮಾಲೀಕರನ್ನು ಕೇಳಿದೆ.

"ಹೇಗೂ ಬಿಸಿ ಮಾಡ್ಲೇಬೇಕಲ್ಲ, ಹಾಕ್ರೀ ಒಳಗೆ. ಹಬ್ಬಕ್ಕೆ ಎಲ್ಲರಿಗೂ ಆಗುತ್ತೆ," ಎಂದರು.

ಅತ್ತೆ ಬರುವುದೂ ಅವತ್ತೇ. ತುಮಕೂರಿನ ಬಸ್ಸಿನಿಂದ ನಾಗಸಂದ್ರದಲ್ಲಿ ಇಳಿದ ತಾಯಿಯನ್ನು ಆಟೊ ಹತ್ತಿಸಿಕೊಂಡು, ಹಿಟ್ಟಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಂಡತಿ ನೇರವಾಗಿ ಕಾರ್ಖಾನೆಗೇ ಬಂದಳು. ಅತ್ತೆ ಓವನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಇದ್ರಲ್ಲಿ ನಮ್ಮ ಮನೆ ಬಾಡಿಗೆಯವರೇ ಸಂಸಾರ ಮಾಡ್ಬಹುದು," ಎಂದರು.

ಮೊದಲ ತಟ್ಟೆಗೆ ಕಾಗದ ಹಾಸಿ, ಉಂಡೆಗಳನ್ನು ಸಾಲಾಗಿ ಜೋಡಿಸಿ, ಒಳಗಿಟ್ಟು ಬಾಗಿಲು ಹಾಕಿದೆ. ಗುಂಡಿ ಒತ್ತಿದೆ. ನಮ್ಮ ಓವನ್ನಿನಲ್ಲಿ ಬಿಸಿಗಾಳಿ ತಿರುಗಿಸಲು ಒಂದು ಫ್ಯಾನ್ ಇರುತ್ತದೆ. ಅದು ಬೀರುವಿಗೆ ಬೀಸುವ ಫ್ಯಾನ್. ಒಳಗಿರುವುದು ಬಿಸ್ಕತ್ತು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆದರೆ ತಟ್ಟೆ ಖಾಲಿ. ಕಾಗದವೂ ಇಲ್ಲ.

"ಎಲ್ಲಿ ಹೋದ್ವು?" ಎಂದರು ಅತ್ತೆ.

ನಮ್ಮ ವೆಲ್ಡರ್ ಬಾಗಲಕೋಟೆ ಕಡೆಯವನು. ಒಳಗೆ ಟಾರ್ಚ್ ಬಿಟ್ಟು ನೋಡಿ, "ಮ್ಯಾಲ ಅದಾವ್ರಿ, ಅಮ್ಮಾರ," ಎಂದ.

ಕಾಗದ ಚಾವಣಿಗೆ ಅಪ್ಪಳಿಸಿ ಅಂಟಿಕೊಂಡಿತ್ತು. ನಾನ್‌ಖಟಾಯಿಗಳು ತಲೆಕೆಳಗಾಗಿ ಬಾವಲಿಗಳಂತೆ ನೇತಾಡುತ್ತಿದ್ದವು.

ಅತ್ತೆ ಬಹಳ ಹೊತ್ತು ಕತ್ತೆತ್ತಿ ನೋಡಿದರು. ಆಮೇಲೆ ಮೃದುವಾಗಿ ಹೇಳಿದರು: "ಅಳಿಯಂದ್ರೇ, ನಮ್ಮ ಕಡೆ ತಟ್ಟೇಲಿ ಬೇಯಿಸ್ತೀವಿ."

ಎಡಗಡೆಯ ಮೂಲೆ

ವೆಲ್ಡರ್ ತಂತಿಯ ಜಾಲರಿ ಕತ್ತರಿಸಿ, ಉಜ್ಜಿ ತೊಳೆದು, ತಟ್ಟೆಗಳ ಮೇಲೆ ಮುಚ್ಚಳದಂತೆ ಕೂರಿಸಿಕೊಟ್ಟ. ಕಾಗದ ಬೇಡವೆಂದಾಯಿತು. ಓವನ್ ತುಂಬ, ಎಲ್ಲ ಮೂಲೆಗಳಲ್ಲೂ ತಟ್ಟೆ ಇಟ್ಟೆವು. ಈ ಸಲ ಹಾರಲಿಲ್ಲ. ಏಲಕ್ಕಿಯ ಪರಿಮಳ ಕಾರ್ಖಾನೆ ತುಂಬಿ ರಸ್ತೆಗೂ ಹೋಯಿತು. ಅದನ್ನೇ ಹಿಡಿದುಕೊಂಡು ಬಂದವರಂತೆ ಬೀರು ಕಂಪನಿಯ ಇನ್‌ಸ್ಪೆಕ್ಟರು ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ಟರು.

ಅವರು ಸಜ್ಜನರು, ನಕ್ಕರು. ಮೀಟರ್ ನೋಡಿದರು, ಎಲ್ಲ ಸರಿಯಾಗಿತ್ತು. ಸಹಿ ಮಾಡಲು ಪೆನ್ ತೆಗೆದರು. ಮಾಲೀಕರ ಮುಖದಲ್ಲಿ ಆಗಲೇ ದೀಪಾವಳಿ.

ಅತ್ತ ತಟ್ಟೆಗಳು ಹೊರಗೆ ಬಂದಿದ್ದವು. ಅತ್ತೆ ಒಂದೊಂದರಿಂದ ಒಂದೊಂದು ಮುರಿದು ಬಾಯಿಗಿಡುತ್ತಿದ್ದರು. ಹೆಂಡತಿ ಅವರ ಬಾಯನ್ನೇ ನೋಡುತ್ತಾ ನಿಂತಿದ್ದಳು. ನಾನೂ.

"ಹಿಟ್ಟು ಚೆನ್ನಾಗಿದೆ ಕಣೇ. ನಾನು ಕಲಸಿದ ಹಾಗೇ ಇದೆ," ಎಂದರು ಅತ್ತೆ. ಹೆಂಡತಿಯ ಮುಖ ಅರಳಿತು. "ಆದ್ರೆ ಈ ಎಡಗಡೆ ಮೂಲೇದು ನೋಡು, ಹಸಿಹಸಿ. ಇದೊಂದು ಮೂಲೇಲಿ ಬೆಂದೇ ಇಲ್ಲ. ಓವನ್ ಸರಿಯಿಲ್ಲ."

ಪೆನ್ ನಿಂತಿತು.

ಇನ್‌ಸ್ಪೆಕ್ಟರು ಬಂದು ಎಡಗಡೆಯದೊಂದು, ಬಲಗಡೆಯದೊಂದು ತಿಂದರು. ಮತ್ತೆ ಎಡಗಡೆಯದು. "ಅಮ್ಮ ಹೇಳೋದು ಸರಿ ಅನ್ಸುತ್ತೆ," ಎಂದರು.

"ಇಲ್ಲ ಇಲ್ಲ, ಆ ತಟ್ಟೆ ಹಿಟ್ಟಲ್ಲಿ ತುಪ್ಪ ಜಾಸ್ತಿ ಆಗಿದೆ ಅಷ್ಟೇ!" ಎಂದು ಮಾಲೀಕರು ಕೂಗಿಕೊಂಡರು. "ಕೇಳಿ ಬೇಕಾದ್ರೆ, ಇವರದ್ದೇ ಮನೆ ಹಿಟ್ಟು!"

ಎಲ್ಲರೂ ನನ್ನ ಕಡೆ ತಿರುಗಿದರು. "ನೀವೇ ಹೇಳಿ ಸಾರ್," ಎಂದರು ಇನ್‌ಸ್ಪೆಕ್ಟರು. "ತಪ್ಪು ಹಿಟ್ಟಿಂದೋ, ಓವನ್ನಿಂದೋ?"

ಅವರ ಬೆನ್ನ ಹಿಂದಿನಿಂದ ಮಾಲೀಕರು "ಹಿಟ್ಟು, ಹಿಟ್ಟು" ಎಂದು ಬಾಯಿ ಅಲ್ಲಾಡಿಸುತ್ತಿದ್ದರು. ಈ ಕಡೆ ಹೆಂಡತಿ ಕೈಕಟ್ಟಿ ನಿಂತಿದ್ದಳು. ಹಿಟ್ಟು ಅಂದರೆ ಕೆಲಸ ಉಳಿಯುತ್ತದೆ, ಊಟ ಹೋಗುತ್ತದೆ. ಓವನ್ ಅಂದರೆ ಊಟ ಉಳಿಯುತ್ತದೆ, ಎಷ್ಟು ದಿನವೋ ಗೊತ್ತಿಲ್ಲ. ಎಡಗಡೆಯದೊಂದು ನಾನೂ ತಿಂದೆ. ಹಸಿಯಾಗಿತ್ತು.

"ಓವನ್ನಿಂದು," ಎಂದೆ.

ಮಾಲೀಕರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದರು. ಗೆದ್ದ ಹೆಂಡತಿಗೆ ಅವರನ್ನು ನೋಡಿ ಕನಿಕರ ಹುಟ್ಟಿತು. ಇನ್‌ಸ್ಪೆಕ್ಟರ ಹತ್ತಿರ ಹೋಗಿ ಸಮಾಧಾನವಾಗಿ ಹೇಳಿದಳು: "ಅಷ್ಟೇನೂ ಕೆಟ್ಟ ಓವನ್ನಲ್ಲ ಬಿಡಿ ಸಾರ್. ಅರ್ಧ ಬೆಂದ ಮೇಲೆ ಒಂದ್ಸಲ ತೆಗೆದು, ತಿರುಗಿಸಿ ಇಟ್ರೆ ಎಲ್ಲಾ ಕಡೆ ಸರಿಯಾಗುತ್ತೆ."

"ಮೇಡಂ, ನಾವು ಇದ್ರಲ್ಲಿ ಬೇಯಿಸೋದು ಬೀರು."

"ಅದನ್ನೂ ತಿರುಗಿಸಿ ಇಡಿ."

ಅತ್ತೆಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. "ತಿರುಗಿಸಿದ್ರೆ ಸಾಲದಪ್ಪ," ಎಂದರು ಇನ್‌ಸ್ಪೆಕ್ಟರಿಗೆ. "ಮೇಲೆ ಚೂರು ತುಪ್ಪ ಸವರಿಬಿಡಿ, ಬೀರಿಗೆ ಒಳ್ಳೇ ಬಣ್ಣ ಬರುತ್ತೆ."